ಒಬ್ಬಾಕೀಗೆ ಫ್ಯಾಮಿಲಿ ರೂಮ್ ಇಲ್ಲ

ಮಧ್ಯಾಹ್ನ ಒಂದೂವರೆ. 1988ರ ಮಾರ್ಚ್ ತಿಂಗಳು. ನಿಪ್ಪಾಣಿ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಶೇವಂತಾಗೆ ಊಟ ಕೊಡಲಿಲ್ಲ.

“ಒಬ್ಬಾಕೀಗೆ ಫ್ಯಾಮಿಲಿ ರೂಮ್ ಇಲ್ಲವಾ,” ಎಂದ ಗಲ್ಲಾದ ಮೇಲೆ ಕುಳಿತಿದ್ದ ಮಾಲೀಕ ಭೀಮಸಿ. “ಹಾಲ್‌ನ್ಯಾಗ ಎಲ್ಲಾ ಗಂಡಸ್ರು. ಅಲ್ಲಿ ಕುಂದ್ರಸಾಕ ಬರೂದಿಲ್ಲ. ಪಾರ್ಸಲ್ ಕಟ್ಟಿಸಿ ಕೊಡ್ತೀನಿ, ತಗೊಂಡ್ ಹೋಗು.”

“ಪಾರ್ಸಲ್ ತಗೊಂಡು ಎಲ್ಲಿ ಕುಂತು ಉಣ್ಣಲಿ ಕಾಕಾ? ಬಸ್ ಸ್ಟ್ಯಾಂಡಿನಾಗ, ಎಲ್ಲಾರ ಮುಂದ?”

ಬೆಳಿಗ್ಗೆಯಿಂದ ಹೊಲಿಗೆ ಕ್ಲಾಸಿನ ಪರೀಕ್ಷೆ. ಚಹಾ ಬಿಟ್ಟು ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಣ್ಣಿಗೆ ಕತ್ತಲೆ ಬರುತ್ತಿತ್ತು.

“ಒಬ್ಬಾಕೀ ಎಲ್ಲಿ ಅದಾರ್ರಿ? ನಾ ಅದೀನಲ್ಲ.”

ಬೆನ್ನ ಹಿಂದಿನಿಂದ ಬಂತು ಆ ದನಿ. ತಿರುಗಿದಳು. ಎಂದೂ ನೋಡದ ಗಂಡಸು!

“ಯಜಮಾನ್ರು ಬರ್ತಾರಂತ ಮೊದಲ ಹೇಳಬಾರ್ದೇನವಾ!” ಭೀಮಸಿ ಕೂಗಿದ. “ಏ, ಫ್ಯಾಮಿಲಿ ಎರಡಕ್ಕ ಎರಡು ಊಟ!”

ಬೇಡ ಎನ್ನಬೇಕೆಂದುಕೊಂಡಳು. ಹಸಿವು ಬಿಡಲಿಲ್ಲ.

ಫ್ಯಾಮಿಲಿ ರೂಮ್ ಎಂದರೆ ಹಾಲ್‌ನ ಮೂಲೆಗೆ ಮೂರು ಪ್ಲೈವುಡ್ ಗೋಡೆ, ಮುಂದೊಂದು ಪರದೆ. ಒಳಗೆ ಕುಳಿತೊಡನೆ ಅವಳು ಸಿಡುಕಿದಳು.

“ಯಾರ ಯಜಮಾನ್ರು ನೀವು?”

“ಹೊರಗ ನಿಂತೈತಲ್ರಿ ದ್ರಾಕ್ಷಿ ಟೆಂಪೋ, ಅದಕ್ಕಷ್ಟ ಯಜಮಾನ. ಹಾಲಸಿದ್ದ ಅಂತಾರ್ರಿ, ಐನಾಪುರದಾವ. ನಿಮಗ ಸಂಕೋಚ ಆಕ್ಕೈತಿ ಅಂದ್ರ ನಾ ಗ್ವಾಡಿ ಕಡೆ ಮುಖ ಮಾಡಿ ಉಣ್ತೀನಿ.”

ನಿಜಕ್ಕೂ ಕುರ್ಚಿ ತಿರುಗಿಸಿ, ತಾಟು ತೊಡೆಯ ಮೇಲಿಟ್ಟುಕೊಂಡ! ಅವಳಿಗೆ ನಗು ತಡೆಯಲಾಗಲಿಲ್ಲ.

“ತಿರುಗ್ರಿ ಈ ಕಡೆ. ಸಾಲಿ ಹುಡುಗ್ರಿಗೆ ಶಿಕ್ಷಾ ಕೊಟ್ಟಂಗ ಕಾಣ್ತೈತಿ.”

ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ಪರದೆಯ ಆಚೆಯ ಟೇಬಲ್ಲಿಗೆ ಇಬ್ಬರು ಬಂದು ಕುಳಿತರು. ದನಿ ಕೇಳಿ ಶೇವಂತಾಳ ಕೈ ತಾಟಿನಲ್ಲೇ ನಿಂತಿತು.

ಅಣ್ಣ! ಭರಮು ಅಣ್ಣ! ಜೊತೆಗೆ ಮಲಕಾರಿ...

ಮಲಕಾರಿಯ ತಂಗಿಯನ್ನು ಅಣ್ಣನಿಗೆ ತರುವ ಮಾತು ನಡೆದಿರುವುದು ಅವಳಿಗೆ ಗೊತ್ತಿತ್ತು. ಅಣ್ಣನಿಗೆ ಮೂವತ್ತು ದಾಟಿತ್ತು. ಕುರಿ ಕಾಯುವವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಅವಳೂ ಸಂತೋಷಪಟ್ಟಿದ್ದಳು.

“ಸಾಟಿ ಅಂದ್ರ ಸಾಟಿ, ಭರಮು,” ಮಲಕಾರಿ ಹೇಳುತ್ತಿದ್ದ. “ನನ್ ತಂಗಿ ನಿನಗ ಬೇಕಂದ್ರ, ನಿನ್ ತಂಗಿ ನನಗ ಬೇಕು.”

“ಶೇವಂತಾಗ ಒಂದ್ ಮಾತು ಕೇಳಿ ಹೇಳ್ತೀನಿ ಮಾಮಾ...”

“ಹೆಣ್ಣಿಗೆ ಏನ್ ಕೇಳ್ತಿ? ನನ್ನ ಹೆಂಡ್ತಿ ಸತ್ತಾಳ, ಎರಡು ಕೂಸು ಅದಾವ. ರೊಟ್ಟಿ ಬಡಿಯಾಕ ಒಬ್ಬಾಕಿ ಬೇಕು. ಆಮ್ಯಾಲ ಆ ಹೊಲಿಗಿ ಕ್ಲಾಸು ಗೀಸು ಎಲ್ಲಾ ಬಂದ್.”

ಅಣ್ಣ ಮಾಣಿಯನ್ನು ಕರೆದು ರೊಟ್ಟಿ ಹೇಳಿದ.

ಶೇವಂತಾ ಪರದೆಯ ಕಡೆ ನೋಡಿದಳು. ಹೊರಗೆ ಹೋಗಲು ಇರುವುದು ಒಂದೇ ದಾರಿ, ಅಣ್ಣನ ಟೇಬಲ್ಲಿನ ಪಕ್ಕದಲ್ಲೇ. ಪರಗಂಡಸಿನ ಜೊತೆ ಕಂಡರೆ ಮಾನ ಹೋಯಿತು. ಒಳಗೇ ಕುಳಿತರೆ ಮಾತು ಮುಗಿದೇ ಹೋಗುತ್ತದೆ...

“ನಿಮ್ಮ ಅಣ್ಣಾರೇನ್ರಿ?” ಹಾಲಸಿದ್ದ ಪಿಸುಗುಟ್ಟಿದ.

ತಲೆಯಾಡಿಸಿದಳು. ಕಣ್ಣು ತುಂಬಿತ್ತು.

“ಫ್ಯಾಮಿಲಿ ಎರಡು! ಖಾಲಿ ಮಾಡ್ರೀ, ಮಂದಿ ನಿಂತಾರ!” ಗಲ್ಲಾದಿಂದ ಭೀಮಸಿಯ ಕೂಗು.

ಹಾಲಸಿದ್ದ ಥಟ್ಟನೆ ಎದ್ದ. ಪರದೆ ಸರಿಸಿ ಹೊರಟುಹೋದ!

ಅಷ್ಟೇ ತಾನೇ... ಅವನು ಗಂಡಸು. ಎದ್ದು ಹೋಗಲು ಅವನಿಗೇನು ಅಡ್ಡಿ? ಒಳಗೆ ಕರೆತರುವವರೆಗಷ್ಟೇ ಧೈರ್ಯ. ಶೇವಂತಾ ಸೆರಗನ್ನು ಬಾಯಿಗೊತ್ತಿಕೊಂಡಳು.

ಆಗ ಹೊರಗೆ ಅವನ ದನಿ ಕೇಳಿತು.

“ಒಳಗಿನವರ ಊಟ ಮುಗಿದಿಲ್ರಿ ಭೀಮಸಿ ಕಾಕಾ. ಎಬ್ಬಿಸಬ್ಯಾಡ್ರಿ. ಇನ್ನೂ ಎರಡು ಊಟ ಹೇಳ್ತೀನಿ ಆ ರೂಮಿಗೆ. ಸಾಲದಿದ್ರ ಮತ್ತೆರಡು.”

ಪರದೆಯ ಮುಂದೆಯೇ ಕುರ್ಚಿ ಎಳೆದು ಕುಳಿತ ಸದ್ದಾಯಿತು. ಹೋಗಿರಲಿಲ್ಲ! ಅವಳೊಂದಿಗೆ ತಾನು ಕಾಣಬಾರದೆಂದು ಹೊರಗೆ ಬಂದಿದ್ದ, ಅಷ್ಟೇ.

“ಏನೋ ತಮ್ಮಾ,” ಮಲಕಾರಿ ನಕ್ಕ. “ಹೆಂಡ್ತೀನ ಒಳಗ ಕುಂದ್ರಿಸಿ ಬಾಗಲಾ ಕಾಯಾಕತ್ತೀ?”

“ನಿಧಾನ ಉಣ್ಣಲಿ ಬಿಡ್ರಿ. ಅವಸರ ಏನೈತಿ?”

“ಇಷ್ಟು ಸಲಿಗಿ ಕೊಟ್ರ ತಲೀಮ್ಯಾಲ ಕುಂದರ್ತಾರ. ನಾ ಆಗಿದ್ರ ಕೈ ಹಿಡಿದು ದರಾದರಾ ಎಳಕೊಂಡ್ ಬರ್ತಿದ್ದೆ!”

ಸುಮ್ಮನೆ ಕುಳಿತಿದ್ದರೆ ಅವರು ಉಂಡು ಹೋಗುತ್ತಿದ್ದರು. ಅಷ್ಟು ಹೊತ್ತನ್ನು ಹಾಲಸಿದ್ದ ಕೊಡಿಸಿದ್ದ. ಆದರೆ ಶೇವಂತಾ ಎದ್ದಳು. ಪರದೆ ಸರಿಸಿದಳು.

“ಅಣ್ಣಾ.”

ಭರಮುವಿನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು.

“ಕೇಳಿ ಹೇಳ್ತೀನಿ ಅಂದ್ಯಲ್ಲ, ಈಗ ಕೇಳು. ನಾ ಸಾಟಿ ಹೋಗೂದಿಲ್ಲ.”

ಮಲಕಾರಿ ಅವಳನ್ನೂ ಹಾಲಸಿದ್ದನನ್ನೂ ನೋಡಿದ. “ಒಳಗ ಇವನ ಜೋಡಿ ಕುಂತಿದ್ಯಾ? ಇಂಥಾಕಿ ನಮ್ಮ ಮನೀಗೆ ಬ್ಯಾಡ! ನನ್ ತಂಗೀನೂ ನಿಮಗ ಸಿಗೂದಿಲ್ಲ!” ಎದ್ದು ಕೈ ತೊಳೆಯದೆ ನಡೆದ.

“ತಪ್ಪು ನಂದ್ರಿ,” ಹಾಲಸಿದ್ದ ಭರಮುವಿನ ಮುಂದೆ ನಿಂತ. “ಒಬ್ಬರಿಗೆ ಊಟ ಕೊಡೂದಿಲ್ಲ ಅಂದ್ರು. ಜೋಡಿ ಅದೀನಿ ಅಂತ ಸುಳ್ಳು ಹೇಳಿದ್ನಿ. ಬೈಯೂದಿದ್ರ ನನಗ ಬೈರಿ.”

ಭರಮು ಕೆಳಗೆ ಬಿದ್ದ ರೊಟ್ಟಿಯನ್ನು ಎತ್ತಿ ತಾಟಿನ ಅಂಚಿಗಿಟ್ಟ.

“ಅಣ್ಣಾ... ನಿನ್ ಲಗ್ನಾ ಮುರೀತು.”

“ಹೆಂಡ್ತೀನ ಎಳಕೊಂಡ್ ಬರ್ತಿದ್ದೆ ಅಂತ ಅವ ಅಂದಾಗ ನಾ ಏಳಬೇಕಿತ್ತು. ಏಳಲಿಲ್ಲ.” ಭರಮು ಪಕ್ಕದ ಕುರ್ಚಿಯನ್ನು ಎಳೆದ. “ಊಟ ಆತೇನು?”

“ಅರ್ಧಾ ಆಗೇತಿ.”

“ಕುಂದ್ರು. ಮುಗಸು.”

ಗಂಡಸರ ನಡುವೆ, ಅಣ್ಣನ ಪಕ್ಕದಲ್ಲಿ, ಅವಳು ಉಂಡಳು.

ದ್ರಾಕ್ಷಿ ಹಂಗಾಮು ಮುಗಿಯುವವರೆಗೆ ಹಾಲಸಿದ್ದ ವಾರಕ್ಕೊಮ್ಮೆ ಅವಳ ಊರಾದ ಕೊಗನೊಳ್ಳಿಯವರೆಗೂ ಟೆಂಪೋ ತಂದ. ಭರಮುವಿನ ಜೊತೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋಗುತ್ತಿದ್ದ. ಕೊನೆಯ ವಾರ ಶೇವಂತಾಳನ್ನು ತನಗೆ ಕೊಡುವಿರಾ ಎಂದು ಕೇಳಿಯೇ ಬಿಟ್ಟ. ಭರಮು ಬಾಗಿಲ ಕಡೆ ಕೈ ತೋರಿಸಿದ. “ನನಗಲ್ಲ. ಆಕೀಗೆ ಕೇಳು.”

ಶೇವಂತಾ ಬಾಗಿಲಲ್ಲಿ ನಿಂತಿದ್ದಳು.

“ಆವತ್ತು ನಾ ಎದ್ದು ಹೋದಾಗ ಏನ್ ತಿಳದ್ರಿ?” ಅವನು ಕೇಳಿದ.

“ಓಡಿ ಹೋದ್ರಿ ಅಂತ.”

“ಮನಸಿನ್ಯಾಗ ಬಂದಿತ್ರಿ, ಸುಳ್ಳ್ಯಾಕ ಹೇಳ್ಲಿ. ನೀವು ಅಳಾಕತ್ತಿದ್ರಿ. ಕಾಲು ಹೋಗಲಿಲ್ಲ.”

ಅವಳು ಹೊಸ್ತಿಲು ದಾಟಿ ಹೊರಗೆ ಬಂದಳು.

“ನಿಮ್ಮ ಅವ್ವನ್ನ ಕರಕೊಂಡ್ ಬರ್ರಿ, ಲಗ್ನದ ಮಾತಿಗೆ.”

1989ರ ಮೇ ತಿಂಗಳಲ್ಲಿ ಕೊಗನೊಳ್ಳಿಯಲ್ಲಿ ಅವರ ಮದುವೆಯಾಯಿತು. ಭರಮುವಿಗೆ ಹೆಣ್ಣು ಸಿಕ್ಕಿದ್ದು ಅದಾಗಿ ಮೂರು ವರ್ಷಕ್ಕೆ.