ಅದು ಬಟ್ಟಿಯ ನೋವಲ್ಲ

ಹೆಣ್ಣು ನೋಡಲು ಬಂದವನು ಒಂದು ಕಡೆ ಕೂರಬೇಕೋ ಬೇಡವೋ!

ಧನುಶ್ರೀ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಾಗ ಕೊಟ್ರೇಶ್ ಕುರ್ಚಿಯಲ್ಲೇ ಇದ್ದ. ಕಣ್ಣೆತ್ತಿ ನೋಡಿದ, ಮೆಲ್ಲಗೆ ನಕ್ಕ. ಆ ನಗುವಿಗೇ ಅವಳ ಎದೆ ಝಲ್ಲೆಂದಿತು. ಅಷ್ಟರಲ್ಲಿ ಆಸಾಮಿ ಎದ್ದು ನಿಂತ. ಗೋಡೆಗೆ ಒರಗಿದ, ಮತ್ತೆ ಕೂತ, ಮತ್ತೆ ಎದ್ದ. ಅಂಡು ಸುಟ್ಟ ಬೆಕ್ಕಿನ ಹಾಗೆ ಪಡಸಾಲೆ ತುಂಬ ಓಡಾಡತೊಡಗಿದ. ಕೈ ಮಾತ್ರ ಎಡಸೊಂಟ ಬಿಟ್ಟು ಕದಲಲಿಲ್ಲ. ಹಣೆ ತುಂಬ ಬೆವರು.

ಬಚ್ಚಲು ಎಲ್ಲಿ ಎಂದು ಕೇಳಿ ಹೋದ, ಬಂದ. ಕೂತಂತೆ ಮಾಡಿ ಮತ್ತೆ ಹೋದ. ಹಿತ್ತಲಲ್ಲಿ ವಾಂತಿ ಮಾಡಿದ ಸದ್ದು ಕೇಳಿತು. ಕೊನೆಗೆ ತಟ್ಟೆಯಲ್ಲಿಟ್ಟ ಎಲೆ-ಅಡಿಕೆಯನ್ನೂ ಮುಟ್ಟದೆ ತನ್ನವರ ಜೊತೆ ಕಾರು ಹತ್ತಿಬಿಟ್ಟ.

ಹೆಣ್ಣಿನ ಮನೆಯ ಎಲೆ-ಅಡಿಕೆ ಮುಟ್ಟದೆ ಎದ್ದರೆ ಹುಡುಗಿ ಬೇಡ ಎಂದೇ ಅರ್ಥ. ಜಗಳೂರಿನ ಆ ಓಣಿಗೆಲ್ಲ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು?

ಅಪ್ಪನಿಲ್ಲದ ಧನುಶ್ರೀಗೆ ಸೋದರಮಾವ ತಿಪ್ಪೇಶಪ್ಪನೇ ಹಿರಿಯ. ಹುಡುಗ ಕುಡಿದು ಬಂದಿದ್ದಾನೆ ಎಂದು ಆತ ತೀರ್ಪು ಕೊಟ್ಟೇಬಿಟ್ಟ. ಸಂಬಂಧ ತಂದಿದ್ದ ಜಂಪಣ್ಣನಿಗೆ ಫೋನ್ ಮಾಡಿ, ಇಂಥವನಿಗೆ ಹುಡುಗಿ ಕೊಡುವುದಿಲ್ಲ ಎಂದು ಚೆನ್ನಾಗಿ ಉಗಿದ.

ಧನುಶ್ರೀ ಒಳಗೆ ಸೀರೆ ಮಡಿಸುತ್ತ ಕೂತಿದ್ದಳು. 'ನನ್ನಲ್ಲಿ ಏನು ಕೊರತೆ ಕಂಡಿತು ಅವನಿಗೆ? ಹಾಗಾದರೆ ಆ ನಗು ಯಾಕೆ ನಕ್ಕ...'

ದೀಪ ಹಚ್ಚುವ ಹೊತ್ತಿಗೆ ಬಚ್ಚಲು ತೊಳೆಯಲು ಹೋದಳು. ಸಿಮೆಂಟಿನ ನೆಲದ ಮೂಲೆಯಲ್ಲಿ ಒಣಗಿದ ಕೆಂಪು ಕಲೆ. ಮೂತ್ರದ ಜೊತೆ ರಕ್ತ ಹೋಗಿತ್ತು.

ಈ ಬಣ್ಣ ಅವಳಿಗೆ ಗೊತ್ತಿತ್ತು. ಅವ್ವ ಸುಂಕಲಮ್ಮನಿಗೂ ಹೀಗೇ ಆಗಿತ್ತು. ಪಕ್ಕೆಯಲ್ಲಿ ಎದ್ದ ನೋವು ಕಿಬ್ಬೊಟ್ಟೆಗೆ ಇಳಿಯುತ್ತಿತ್ತು. ಕೂತರೂ ನಿಂತರೂ ಮಲಗಿದರೂ ಸಮಾಧಾನವಿಲ್ಲ. ವಾಂತಿ, ಉರಿಮೂತ್ರ ಬೇರೆ. ಭಾರ ಎತ್ತಿ ಬಟ್ಟಿ ಬಿದ್ದಿದೆ, ಹೊಕ್ಕುಳು ಜಾರಿದೆ ಎಂದು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸಿದ್ದೇ ತಿಕ್ಕಿಸಿದ್ದು. ಚಳಿಜ್ವರ ಬಂದ ಮೇಲೆ ಆಸ್ಪತ್ರೆಗೆ ಒಯ್ದರೆ, ಕಲ್ಲು ಮೂತ್ರದ ದಾರಿ ಕಟ್ಟಿ ಒಂದು ಕಿಡ್ನಿಯೇ ಹಾಳಾಗಿತ್ತು.

'ಅಯ್ಯೋ... ಅವನು ಕುಡಿದಿರಲಿಲ್ಲ. ನನ್ನನ್ನು ಬೇಡ ಅಂದಿರಲೂ ಇಲ್ಲ. ಈಗ ಯಾರು ಅವನ ಹೊಟ್ಟೆ ತಿಕ್ಕುತ್ತಿದ್ದಾರೋ!'

ಅವನಿಗೆ ಫೋನ್ ಮಾಡುತ್ತೇನೆ ಎಂದಳು. ಎದ್ದು ಹೋದ ಗಂಡಿಗೆ ನಾವೇ ಫೋನ್ ಮಾಡಿದರೆ ಮಾನ ಉಳಿಯುತ್ತದೆಯೇ ಎಂದು ತಿಪ್ಪೇಶಪ್ಪ ರೇಗಿದ. ಸುಂಕಲಮ್ಮ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮನನ್ನು ನೋಡಿದಳು.

"ಮಾತಾಡ್ಲಿ ಬಿಡೋ. ಅವತ್ತು ನನಗೆ ಹಿಂಗೆ ಹೇಳೋರು ಯಾರೂ ಇರ್ಲಿಲ್ಲ."

ಜಂಪಣ್ಣನಿಂದ ನಂಬರು ಸಿಕ್ಕಿತು. ಅತ್ತ ಅವನ ಊರು ಸಾಸ್ವೆಹಳ್ಳಿಯಲ್ಲಿ ಅವಳು ಹೆದರಿದ್ದೇ ನಡೆದಿತ್ತು. ಕೊಟ್ರೇಶನ ಅಜ್ಜಿ ಉಡಚಮ್ಮ ಬಟ್ಟಿ ತಿಕ್ಕುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರುವಾಸಿ. ಭತ್ತ ಕೊಯ್ಯುವ ಮಷಿನ್ ಓಡಿಸುವ ಮೊಮ್ಮಗ ದಿನವಿಡೀ ಕುಲುಕಿ ಬಟ್ಟಿ ಬೀಳಿಸಿಕೊಂಡಿದ್ದಾನೆಂದು ಆಕೆಯ ನಂಬಿಕೆ. ಬಿಸಿಲಲ್ಲಿ ಬೇಯುತ್ತ ಅವನು ನೀರೇ ಕುಡಿಯುತ್ತಿರಲಿಲ್ಲ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

"ನೀವು ನನ್ನ ಒಲ್ಲೆ ಅಂದ್ರಂತೆ..." ಫೋನಿನಲ್ಲಿ ಕೊಟ್ರೇಶನ ದನಿ ನಡುಗುತ್ತಿತ್ತು.

"ಅದಿರ್ಲಿ. ನಿಮಗೆ ಚಳಿ ಐತಾ?"

"ಕಂಬಳಿ ಹೊದ್ರೂ ನಿಲ್ತಿಲ್ಲ. ಅಜ್ಜಿ ಇನ್ನೊಂದ್ಸಲ ತಿಕ್ಕಿದ್ರೆ ಹೋಗ್ತೈತೆ ಅಂತಾಳೆ."

"ತಿಕ್ಕಿಸ್ಕೋಬೇಡ್ರಿ. ಅದು ಬಟ್ಟಿ ಅಲ್ಲ, ಕಲ್ಲು. ಜ್ವರ ಬಂದ್ಮೇಲೆ ಕಾಯೋ ಹಂಗಿಲ್ಲ. ಈಗ್ಲೇ ದಾವಣಗೆರೆಗೆ ಹೊರಡ್ರಿ."

ನಾಳೆ ನೋಡೋಣ ಎಂದ ಅವನು.

"ನಾಳೆ ಅಂತ ಅಂದೇ ನಮ್ಮವ್ವ ಕಿಡ್ನಿ ಕಳ್ಕಂಡ್ಲು. ಒಲ್ಲೆ ಅಂದಿದ್ದು ನಾನಲ್ಲ... ನನಗೆ ನೀವು ಬೇಕು ಕಣ್ರೀ."

ಆ ಕಡೆ ಫೋನ್ ಕಟ್ಟಾಯಿತು.

ಈಗ ಕೂತಲ್ಲಿ ಕೂರಲಾಗದ ಸರದಿ ಅವಳದು! ಹೊರಟನೋ ಇಲ್ಲವೋ? ಹುಚ್ಚು ಹುಡುಗಿ ಎಂದು ನಕ್ಕುಬಿಟ್ಟನೋ? ಅಂಗಳಕ್ಕೂ ಅಡುಗೆಮನೆಗೂ ಓಡಾಡಿದಳು, ಅನ್ನ ಬಾಯಿಗೆ ಹೋಗಲಿಲ್ಲ.

ಬೆಳಗ್ಗೆ ಜಂಪಣ್ಣನ ಫೋನ್ ಬಂತು. ಫೋನ್ ಇಟ್ಟವನೇ ಕೊಟ್ರೇಶ್ ಕಾರು ತರಿಸಿದ್ದನಂತೆ. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿ, ಮೇಲೆ ಕಿಡ್ನಿಯಲ್ಲಿ ಕೀವು ಕಟ್ಟಿತ್ತಂತೆ. ರಾತ್ರಿಯೇ ನಳಿಕೆ ಹಾಕಿ ಇಳಿಸಿದರಂತೆ. ಇನ್ನೊಂದು ದಿನ ಕಳೆದಿದ್ದರೆ ಜೀವಕ್ಕೇ ಕುತ್ತಿತ್ತು ಎಂದರಂತೆ ಡಾಕ್ಟರು. ತಿಪ್ಪೇಶಪ್ಪ ಅಕ್ಕನನ್ನೂ ಧನುಶ್ರೀಯನ್ನೂ ತಾನೇ ಆಸ್ಪತ್ರೆಗೆ ಕರೆದೊಯ್ದ.

ಉಡಚಮ್ಮ ಧನುಶ್ರೀಯನ್ನು ಕಂಡವಳೇ ಮಂಚದ ಪಕ್ಕದ ಸ್ಟೂಲಿನಿಂದ ಎದ್ದು ಜಾಗ ಬಿಟ್ಟುಕೊಟ್ಟಳು. ಸುಂಕಲಮ್ಮನ ಕೈ ಹಿಡಿದು ಹೊರಗೆ ನಡೆದಳು.

"ಬರೋ ದಾರೀಲೇ ನೋವು ಶುರುವಾಗಿತ್ತು," ಎಂದ ಕೊಟ್ರೇಶ್. "ಹೆಣ್ಣು ನೋಡಾಕೆ ಹೊಂಟವರು ಅರ್ಧಕ್ಕೆ ತಿರುಗಿದ್ರೆ ಅಪಶಕುನ ಅಂತ ಸಂಬಂಧಾನೇ ಬಿಡ್ತಾರೆ. ನಿಮ್ಮ ಫೋಟೋ ನೋಡಿದ್ದೆನಲ್ಲ... ಬಾಯಿ ಮುಚ್ಕಂಡು ಕೂತೆ."

ಧನುಶ್ರೀಗೆ ಸಿಟ್ಟೂ ಬಂತು, ಅಳುವೂ ಬಂತು.

"ನೋವು ಮುಚ್ಚಿಡೋ ಗಂಡ ನನಗೆ ಬೇಡ."

ಅವನು ಮೆಲ್ಲಗೆ ಕೈ ಚಾಚಿದ.

"ಹಂಗಾದ್ರೆ ಹೇಳ್ತೀನಿ. ಈಗ್ಲೂ ನೋಯ್ತೈತೆ. ರಾತ್ರಿ ಬಾಳ ಹೆದರಿಕೆ ಆಗಿತ್ತು ಕಣ್ರೀ..."

ಅವಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಇಲ್ಲೇ ಇರ್ತೀನಿ," ಎಂದಳು. "ಇನ್ನೂ ಏನೇನ್ ಐತೋ ಎಲ್ಲಾ ಹೇಳ್ರಿ."