ಮಿಂಚುಮಲ್ಲನ ಕಳಚದ ಜೋಡು

ಬಹಳ ಹಿಂದೆ ಜಂಘಾವತಿ ಎಂಬ ರಾಜ್ಯವಿತ್ತು. ಅಲ್ಲಿ ಕುದುರೆಗಳೇ ಹುಟ್ಟುತ್ತಿರಲಿಲ್ಲ. ರಾಜನ ಓಲೆಗಳನ್ನು ಓಟಗಾರರೇ ಹೊತ್ತು ಓಡುತ್ತಿದ್ದರು. ಅವರಿಗೆ ಜೋಡು ಹೊಲಿದುಕೊಡುತ್ತಿದ್ದವಳು ಸಂಕವ್ವ. ಅವಳು ಗಿರಾಕಿಯನ್ನು ಜಗಲಿಯ ಮೇಲೆ ಕೂರಿಸಿ, ಪಾದವನ್ನು ಮಡಿಲಲ್ಲಿಟ್ಟು ಜೋಡು ತೊಡಿಸಿ, ಬಾವಿಯವರೆಗೆ ಓಡಿಸಿ, “ಎಲ್ಲಿ ಕಚ್ಚುತ್ತೆ?” ಎಂದು ಕೇಳುವಳು. ಕಚ್ಚಿದರೆ ಬಿಚ್ಚಿ ಮತ್ತೆ ಹೊಲಿಯುವಳು. ಒಂದು ಜೊತೆ ಮುಗಿಯುವುದರೊಳಗೆ ಗಿರಾಕಿಗೆ ಸಾಕುಸಾಕಾಗುತ್ತಿತ್ತು.

ಹೀಗಿರುವಾಗ ಮಿಂಚುಮಲ್ಲನೆಂಬ ಮಾಂತ್ರಿಕ ಎದುರಿಗೇ ಕನ್ನಡಿ ಹೊದಿಸಿದ ಜೋಡಿನ ಅಂಗಡಿ ತೆರೆದ. ಅವನ ಜೋಡು ತೊಟ್ಟವರು ಗಾಳಿಯಂತೆ ಓಡುತ್ತಿದ್ದರು. ಹುಣ್ಣಿಮೆಗೊಂದು ಹೊಸ ಮಾದರಿ ಬರುತ್ತಿತ್ತು. ಬಂದೊಡನೆ ಅವನು ಗಂಟೆ ಬಾರಿಸುವನು. ಹಳೆಯ ಜೋಡುಗಳು ತೊಟ್ಟವರನ್ನೆಲ್ಲ ಗಂಟೆಯ ಸದ್ದಿನ ಜಾಡು ಹಿಡಿದು ಅಂಗಡಿಗೆ ಎಳೆದು ತರುವವು. ಹೊಸದನ್ನು ಕೊಂಡರೆ ಮಾತ್ರ ಹಳೆಯದು ಕಳಚುವುದು.

ಅಲ್ಲಿಗೆ ಮೊದಲು ಹೋದವನು ಸಂಕವ್ವನ ಸ್ವಂತ ತಮ್ಮ, ಓಟಗಾರ ಬೊಮ್ಮಣ್ಣ. ಅವಳಿಗೆ ಹೊಟ್ಟೆ ಉರಿಯಿತು. ಆದರೆ ಓಡಿ ಓಡಿ ಅವನು ಕಡ್ಡಿಯಾದಾಗ ತಮ್ಮ ಉಳಿಯುತ್ತಾನೋ ಇಲ್ಲವೋ ಎಂಬ ಭಯ ಹುಟ್ಟಿತು.

ಅವಳ ಜಗಲಿಯ ಕೆಳಗಿದ್ದ ಮಾತಾಡುವ ಉಡ ಹೇಳಿತು: “ಕಚ್ಚುತ್ತೆ ಅಂತ ತೊಟ್ಟವನೇ ಒಪ್ಪಿಕೊಂಡರೆ ಮಂತ್ರ ಮುರಿಯುತ್ತೆ. ನೀನು ಹೇಳಿದರೆ ಅದು ಎದುರಂಗಡಿಯವಳ ಮಾತು, ಅಷ್ಟೆ.”

ಇನ್ನು ಮುಂದೆ ಎಲ್ಲ ಓಟಗಾರರಿಗೂ ಯಾರ ಜೋಡು ಎಂದು ತೀರ್ಮಾನಿಸಲು ರಾಜ ಮೂರು ಓಟ ಇಟ್ಟ. ಮಿಂಚುಮಲ್ಲನ ಪರವಾಗಿ ಬೊಮ್ಮಣ್ಣ ಓಡಿದ. ಸಂಕವ್ವನಿಗೆ ಯಾರೂ ಸಿಗದೆ ತಾನೇ ಓಡಿದಳು.

ಮರಳಿನಲ್ಲಿ ಬೊಮ್ಮಣ್ಣ ಗೆದ್ದ.

“ಎಲ್ಲಿ ಕಚ್ಚುತ್ತೋ ತಮ್ಮಾ?”

“ಗೆದ್ದವನನ್ನ ಕೇಳ್ತೀಯಲ್ಲಕ್ಕ!”

ಕೆಸರಿನ ಓಟಕ್ಕೆ ಅವಳು ನೀರು ಹರಿದುಹೋಗುವಂತೆ ಅಟ್ಟೆಗೆ ಸೀಳು ಬಿಟ್ಟಳು, ಗೆದ್ದಳು. ತಮ್ಮನ ಹಿಮ್ಮಡಿಯಿಂದ ರಕ್ತ ಒಸರುತ್ತಿತ್ತು.

“ಎಲ್ಲಿ ಕಚ್ಚುತ್ತೋ?”

“ಎಲ್ಲೂ ಇಲ್ಲ. ನಿನಗೆ ಹೊಟ್ಟೆಕಿಚ್ಚು.”

ಮೂರನೆಯದು ಬಂಡೆಯ ಬೆಟ್ಟ. ಉಡ ತಾನು ಕಳಚಿದ ಚರ್ಮ ಕೊಟ್ಟಿತು. ಸಂಕವ್ವ ಅದನ್ನೇ ಅಟ್ಟೆಗೆ ಹೊಲಿದಳು. ಇಬ್ಬರೂ ಶಿಖರ ಸಮೀಪಿಸಿದರು. ಕೆಳಗೆ ಊರಿಗೆ ಊರೇ ಸೇರಿತ್ತು. ಅಷ್ಟು ಜನರನ್ನು ಕಂಡ ಮಿಂಚುಮಲ್ಲನಿಗೆ ಬಾಯಲ್ಲಿ ನೀರೂರಿತು. ಹೊಸ ಮಾದರಿಯನ್ನು ತಾನೇ ತೊಟ್ಟು ಮೆರೆದು, ತಡೆಯಲಾರದೆ ಗಂಟೆ ಬಾರಿಸಿಬಿಟ್ಟ.

ಬೊಮ್ಮಣ್ಣನ ಕಾಲು ಗಕ್ಕನೆ ತಿರುಗಿತು. ಅಂಗಡಿಗೆ ಹತ್ತಿರದ ದಾರಿ ಪ್ರಪಾತವೇ ಆಗಿತ್ತು; ಜೋಡು ಅವನನ್ನು ಅದರ ಅಂಚಿನಾಚೆ ಎಳೆಯಿತು.

ಸಂಕವ್ವನಿಗೆ ಗೆಲುವಿನ ಬಾವುಟ ಕೈಗೆಟಕುವಷ್ಟರಲ್ಲಿತ್ತು. ಅದನ್ನು ಬಿಟ್ಟು ಕೆಳಕ್ಕೆ ಹಾರಿದಳು. ಉಡದ ಚರ್ಮ ಬಂಡೆಗೆ ಅಂಟಿ ನಿಂತಿತು. ತಮ್ಮನನ್ನು ಬಾಚಿ ಹಿಡಿದು ಕೂರಿಸಿ, ಒದ್ದಾಡುವ ಪಾದವನ್ನು ಮಡಿಲಿಗೆಳೆದುಕೊಂಡಳು.

“ಎಲ್ಲಿ ಕಚ್ಚುತ್ತೋ, ನನ್ನಪ್ಪಾ?”

ಬೊಮ್ಮಣ್ಣ ಗಳಗಳನೆ ಅತ್ತುಬಿಟ್ಟ. “ಎಲ್ಲಾ ಕಡೆ ಕಣಕ್ಕ. ಮೊದಲನೇ ದಿನದಿಂದಲೂ.”

ಜೋಡು ಕಳಚಿ ಉರುಳಿತು. ಅವನ ಮಾತು ಬೆಟ್ಟದಲ್ಲಿ ಮಾರ್ದನಿಸಿತು. ಕೆಳಗೆ ಅಂಗಡಿಯತ್ತ ಓಡುತ್ತಿದ್ದ ಓಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮಗೂ ಕಚ್ಚುತ್ತದೆಂದು ಮೆಲ್ಲಗೆ ಒಪ್ಪಿಕೊಂಡರು. ಎಲ್ಲರ ಜೋಡುಗಳೂ ಕಳಚಿಬಿದ್ದವು. ಸಂಕವ್ವ ತಮ್ಮನನ್ನು ಬೆನ್ನ ಮೇಲೆ ಹೊತ್ತು ಹೋಗಿ ಬಾವುಟ ಕಿತ್ತಳು.

ಜಂಘಾವತಿಯವರು ಇಂದಿಗೂ ಅವಳ ಜಗಲಿಯ ಮೇಲೆ ಗೊಣಗುತ್ತ ಕಾದು, ಸುಖವಾಗಿ ಓಡಾಡಿಕೊಂಡಿದ್ದಾರೆ.

ಬೊಮ್ಮಣ್ಣ ಆ ಗಂಟೆಯನ್ನು ಒಂದು ಆಡಿನ ಕೊರಳಿಗೆ ಕಟ್ಟಿದ. ಆಡು ನಡೆದಾಗಲೆಲ್ಲ ಗಂಟೆ ಬಾರಿಸುತ್ತಿತ್ತು; ಮಿಂಚುಮಲ್ಲನ ಹೊಸ ಜೋಡೂ ಅವನನ್ನು ಅದರ ಹಿಂದೆ ಎಳೆದೊಯ್ದಿತು. ಕಚ್ಚುತ್ತದೆ ಎಂದು ಒಂದು ಮಾತು ಹೇಳಿದರೆ ಬಿಡುಗಡೆ. ಆದರೆ ಸಂತೆ, ಬೀದಿ, ಹೊಲ, ಎಲ್ಲಿ ಹೋದರೂ ಜನ ನೋಡುತ್ತಿರುತ್ತಾರಲ್ಲ. ಅವನು ಕುಂಟುತ್ತ ಓಡುತ್ತಲೇ ಕೂಗುತ್ತಿದ್ದಾನೆ: “ಬಹಳ ಹಾಯಾಗಿದೆ! ಬಹಳ ಹಾಯಾಗಿದೆ!”