ಬಲಗಡೆಯ ತಂತಿಗಳು

ಎದೆಗೆ ಅಂಟಿಸುವ ಇಸಿಜಿ ಯಂತ್ರದ ಪುಟ್ಟ ಬಟ್ಟಲುಗಳಿಂದ ಅವಳು ಜೆಲ್ ಒರೆಸುತ್ತಿದ್ದಳು. ಇಸಿಜಿ ತೆಗೆಯುವ ಕೆಲಸಕ್ಕೆ ಅವಳಿನ್ನೂ ಹೊಸಬಳು. ಬಾಯಿಗಿಂತ ಕೈಯೇ ಅವಳಿಗೆ ಸಲೀಸು.

ಬಾಗಿಲು ದಡಾರನೆ ತೆರೆಯಿತು.

ಗಾಲಿಮಂಚದ ಮೇಲೆ ಬೆವರಿನಲ್ಲಿ ತೊಯ್ದ ಅಪ್ಪ! ತಳ್ಳುತ್ತಿದ್ದವನು... ಅವನು.

ಹೃದಯದ ವಾರ್ಡಿನ ಡಾಕ್ಟರ್. ಅವಳನ್ನು ಮದುವೆಗೆ ಕೇಳಿಕೊಂಡು ಮನೆಗೆ ಬಂದಿದ್ದವನು. "ಅಳತೆ ಹೊಂದದ ಬಟ್ಟೆ ನಾನು ಹೊಲಿಯಲ್ಲ" ಎಂದು ದರ್ಜಿ ಅಪ್ಪ ಹೊಸ್ತಿಲಿನಿಂದಲೇ ಕಳಿಸಿದ್ದ. ಅಂದಿನಿಂದ ಅವಳೂ ಅವನೂ ಎದುರಾದಾಗಲೆಲ್ಲ ಮುಖ ತಿರುಗಿಸುತ್ತಿದ್ದರು.

"ಇಡೀ ಆಸ್ಪತ್ರೇಲಿ ನಿನ್ನ ಬಿಟ್ಟು ಬೇರೆ ಡಾಕ್ಟರೇ ಇರ್ಲಿಲ್ವೇನಪ್ಪಾ?" ಅಪ್ಪ ಏದುಸಿರಿನಲ್ಲೂ ಕೊಂಕು ತೆಗೆದ.

"ಇದ್ದಾರೆ. ನಿಮ್ಮನ್ನ ಸಂಭಾಳಿಸೋ ಧೈರ್ಯ ಅವರಿಗಿಲ್ಲ. ಸುಮ್ನೆ ಮಲಗಿ."

ಅವಳು ತಂತಿ ಜೋಡಿಸಿದಳು. ಕಾಗದ ಹೊರಬಂತು. ಗೆರೆಗಳು ಗುಡ್ಡದಂತೆ ಉಬ್ಬಿದ್ದವು. ಹೃದಯಾಘಾತ!

ನರ್ಸ್ ಅಕ್ಕ ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯನ್ನು ಅವಳ ಕೈಗಿತ್ತಳು. ಅಪ್ಪನ ತುಟಿಯ ಹತ್ತಿರ ಒಯ್ಯುವಷ್ಟರಲ್ಲಿ ಡಾಕ್ಟರ್ ಅವಳ ಮಣಿಕಟ್ಟು ಹಿಡಿದ.

"ಬೇಡ! ಕೊಡಬೇಡ!"

"ನೋವಲ್ಲಿ ಒದ್ದಾಡ್ತಿದ್ದಾರೆ... ಎಲ್ಲರಿಗೂ ಕೊಡ್ತೀರಲ್ಲ!"

"ಮೊದ್ಲು ಎದೆ ತಂತಿಗಳನ್ನ ಬಲಗಡೆ ಹಾಕಿ ಇನ್ನೊಂದ್ಸಲ ತೆಗಿ."

ಬಲಗಡೆ? ಹೃದಯ ಇರುವುದು ಎಡಕ್ಕಲ್ಲವೇ? ಹಾಗೆ ಯಾರೂ ಅವಳಿಗೆ ಕಲಿಸಿರಲಿಲ್ಲ. ಬೇಕೆಂದೇ ಹೊತ್ತು ಕಳೆಯುತ್ತಿದ್ದಾನೆ... ಅವಳು ಕೈ ಕೊಸರಿಕೊಂಡಳು.

"ಅಪ್ಪ ಬೇಡ ಅಂದಿದ್ದಕ್ಕೆ ಹಗೆ ತೀರಿಸ್ಕೊಳ್ತಿದೀರಾ?"

ನರ್ಸ್ ಅಕ್ಕ ತಲೆ ತಗ್ಗಿಸಿದಳು. ಅವನ ಮುಖ ಕಪ್ಪಿಟ್ಟಿತು. ದನಿ ಮಾತ್ರ ಏರಲಿಲ್ಲ.

"ಆಮೇಲೆ ಬೈ. ಈಗ ಹಾಕು."

ಹಾಕಿದಳು. ಬಲಗಡೆಯ ಗೆರೆಯೂ ಉಬ್ಬಿತ್ತು.

"ನೋಡು... ಮೊದಲ ಕಾಗದದಲ್ಲಿ ಮೂರನೇ ಗೆರೆ ಎರಡನೇದಕ್ಕಿಂತ ಎತ್ತರ ಇತ್ತು. ಆಗ್ಲೇ ಅನುಮಾನ ಬಂತು. ಮುಚ್ಚಿರೋದು ಬಲ ರಕ್ತನಾಳ. ಹೃದಯದ ಬಲಭಾಗ ಸೋತಿದೆ. ಆ ಮಾತ್ರೆ ಕೊಟ್ಟಿದ್ರೆ ಬಿಪಿ ಕುಸಿದು ಜೀವಕ್ಕೇ ಕುತ್ತಾಗ್ತಿತ್ತು."

ಅವಳ ಮುಷ್ಟಿಯಲ್ಲಿ ಮಾತ್ರೆ ಬೆವರಿಗೆ ಕರಗತೊಡಗಿತ್ತು. ಅಯ್ಯೋ... ನನ್ನ ಕೈಯಾರೆ!

ಸಲೈನ್ ಏರಿತು. ರಕ್ತನಾಳ ತೆರೆಯುವ ಕೋಣೆಯತ್ತ ಮಂಚ ಹೊರಟಿತು. ಅಪ್ಪ ಈಗ ಕಣ್ಣು ಮುಚ್ಚಿದ್ದ, ಕೊಂಕೂ ಇರಲಿಲ್ಲ. ಅವಳು ಪಕ್ಕದಲ್ಲೇ ಓಡಿದಳು.

"ಬಾಯಿಗೆ ಬಂದಿದ್ದು ಅಂದ್ಬಿಟ್ಟೆ... ಕೋಪ ಬಂತಾ?"

"ನೋವಾಯ್ತು. ಕೋಪ ಬರಲ್ಲ ನಿನ್ನ ಮೇಲೆ. ಪ್ರಯತ್ನಪಟ್ಟು ನೋಡಿದೀನಿ."

"ನಾನೂ ಮರೆಯೋಕೆ ನೋಡ್ದೆ. ಆಗ್ಲಿಲ್ಲ. ನೀವಂದ್ರೆ ನಂಗೆ... ತುಂಬಾ ಇಷ್ಟ."

"ಇದನ್ನ ಹೇಳೋಕೆ ಇದೇ ಹೊತ್ತು ಬೇಕಿತ್ತಾ, ಮಾರಾಯ್ತಿ?"

ಅವನು ಅವಳ ಬೆರಳುಗಳನ್ನು ಒಮ್ಮೆ ಬಿಗಿಯಾಗಿ ಹಿಡಿದು, ಮಂಚದೊಂದಿಗೆ ಒಳನಡೆದ. ಬಾಗಿಲು ಮುಚ್ಚಿಕೊಂಡಿತು. ಅವಳು ಅದರ ಮೇಲೆ ಅಂಗೈ ಊರಿ ನಿಂತಳು.

"ಸುದ್ದಿ ಒಳ್ಳೇದಾಗ್ಲಿ, ಕೆಟ್ಟದ್ದಾಗ್ಲಿ... ನೀವೇ ಬಂದು ಹೇಳಿ."